ಆದಿತ್ಯವಾರ ಪೂಜೆ ಆಯ್ತು, ಸೋಮವಾರದಿಂದ ಶನಿವಾರದವರೆಗೆ ನಮ್ಮ ನಂಬಿಕೆ ಎಲ್ಲಿ ಇರ್ತದೆ?

ಬೆಂದೂರ್_ಬಾಯಿ
ಎಲ್ಲರಿಗೂ ನಮಸ್ಕಾರ. ಇಲ್ಲಿ ಕಥೊಲಿಕರು, ಸಿಎಸ್‌ಐ ಪ್ರೊಟೆಸ್ಟೆಂಟರು, ಬೇರೆ ಸಭೆಯವರು ಎಲ್ಲ ಇದ್ದೀರಿ, ಅದಕ್ಕೇ ಇಲ್ಲಿ ಕೇಳ್ತಿದ್ದೇನೆ. ನಮ್ಮ ಮನೆಯಲ್ಲಿ ಆದಿತ್ಯವಾರದ ಪೂಜೆ ತಪ್ಪುದಿಲ್ಲ, ರಾತ್ರಿ ತೇರ್ಸ್ (ಜಪಮಾಲೆ ಪ್ರಾರ್ಥನೆ) ಆಗ್ತದೆ, ಮಕ್ಕಳು ದೊತೊರ್ನಿಗೆ (ಧರ್ಮೋಪದೇಶದ ಕ್ಲಾಸಿಗೆ) ಹೋಗ್ತಾರೆ. ಎಲ್ಲ ಸರಿ ಉಂಟು. ಆದ್ರೆ ಬೆಳಿಗ್ಗೆ ಕೆಲ್ಸಕ್ಕೆ ಹೋಗಿ ಕೂತ್ರೆ ನಂಗೂ ಪಕ್ಕದ ಟೇಬಲಿನವರಿಗೂ ಎಂತ ವ್ಯತ್ಯಾಸ ಅಂತ ಯೋಚ್ನೆ ಬರ್ತದೆ. "ಒಳ್ಳೆಯವರಾಗಿರಿ" ಅನ್ನುವ ಉತ್ತರ ಬೇಡ ಮಾರಾಯ್ರೆ, ಒಳ್ಳೆಯವರು ಎಲ್ಲ ಧರ್ಮದಲ್ಲೂ ಇದ್ದಾರೆ, ನಮ್ಮ ಆಫೀಸಲ್ಲಿ ನಂಗಿಂತ ಒಳ್ಳೆ ಮನಸ್ಸಿನವರು ಇದ್ದಾರೆ. ನಾನು ಕೇಳುದು, ಯೇಸುವನ್ನು ನಂಬಿದ್ದೇನೆ ಅನ್ನುವ ಒಂದೇ ಕಾರಣಕ್ಕೆ ನೀವು ಬೇಕಂತಲೇ ದಿನಾ ಮಾಡುವ ಅಥವಾ ಮಾಡದೆ ಬಿಡುವ ಕೆಲ್ಸ ಎಂತದಾದ್ರೂ ಉಂಟಾ? ಉಂಟಾದ್ರೆ ಅದು ಹೇಗೆ ಶುರು ಆಯ್ತು, ಹೇಗೆ ನಿಂತಿತು, ಹೇಳಿ.

ಫಳ್ನೀರ್_ಪ್ರಾರ್ಥನೆ
ಬೆಳಿಗ್ಗೆ ಎದ್ದ ಕೂಡ್ಲೆ ಬೈಬಲ್ ಒಂದು ಅಧ್ಯಾಯ. ಫೋನ್ ಮುಟ್ಟುವ ಮೊದ್ಲು. ಆಮೇಲೆ ಒಂದು ವಚನ ಸ್ಟೇಟಸ್ ಹಾಕ್ತೇನೆ, ಯಾರಿಗಾದ್ರೂ ಸಮಾಧಾನ ಸಿಗ್ಲಿ ಅಂತ.

ಹಂಪನಕಟ್ಟೆ_ಲೆಕ್ಕ
ಅಧ್ಯಾಯ ಓದುದು ಒಳ್ಳೇದು, ಅದಕ್ಕೆ ನಂದು ತಕರಾರಿಲ್ಲ. ಸ್ಟೇಟಸ್ ವಿಷಯದಲ್ಲಿ ಮಾತ್ರ ನಂಗೆ ಕೋಪ ಉಂಟು. ನಾನು ಲೆಕ್ಕಪತ್ರದ ಕೆಲ್ಸ ಮಾಡುವವ, ಬೆಳಿಗ್ಗೆ ವಚನ ಹಾಕುವವರೇ ಅಂಗಡಿ ಹುಡುಗರ ಸಂಬಳ ಹತ್ತನೇ ತಾರೀಕು, ಹದಿನೈದನೇ ತಾರೀಕು ಅಂತ ಎಳೆಯುದನ್ನು ನೋಡ್ತೇನೆ. ಧರ್ಮೋಪದೇಶಕಾಂಡ 24:15 ತೆಗೆದು ಓದಿ, ಕೂಲಿಯವನ ಕೂಲಿಯನ್ನು ಹೊತ್ತು ಮುಳುಗುವ ಮೊದ್ಲು ಕೊಡ್ಬೇಕು ಅಂತ ಉಂಟು, ಯಾಕಂದ್ರೆ ಅವನು ಬಡವ, ಅದರ ಮೇಲೇ ಅವನ ಜೀವ. ಇದಕ್ಕೆ ವ್ಯಾಖ್ಯಾನ ಬೇಕಾ? ಬೆಂದೂರ್ ಬಾಯಿ, ನೀವು ಕೇಳಿದ ಪ್ರಶ್ನೆಗೆ ನನ್ನ ಉತ್ತರ ಇದೇ: ನಮ್ಮಲ್ಲಿ ಮನೆಕೆಲ್ಸಕ್ಕೆ ಬರುವವರಿಗೆ ತಿಂಗಳ ಕಡೇ ದಿನ ಸಂಜೆ ಅವರು ಹೊರಡುವ ಮೊದ್ಲು ಕೈಯಲ್ಲಿ ದುಡ್ಡು. ಅವರು ಕೇಳುವ ಹಾಗೆ ಮಾಡ್ಬಾರ್ದು. ಹಬ್ಬಕ್ಕೆ ಊರಿಗೆ ಹೋದ ದಿನದ್ದು ಕಟ್ ಮಾಡ್ಬಾರ್ದು. ಇದು ನಮ್ಮ ಮನೆಯ ರೂಲ್, ಕಾರಣ ಆ ವಚನ, ಬೇರೆ ಎಂತದೂ ಅಲ್ಲ.

ಬಲ್ಮಠದವ
ಒಂದು ಜಾಗ್ರತೆ ಬೇಕು. ಹೀಗೆ ಪಟ್ಟಿ ಮಾಡ್ತಾ ಹೋದ್ರೆ ನಾವು ದೇವರ ಹತ್ರ ಲೆಕ್ಕ ಒಪ್ಪಿಸುವವರ ಹಾಗೆ ಆಗ್ತೇವೆ. ಎಫೆಸ 2:8-9 ಸ್ಪಷ್ಟ ಹೇಳ್ತದೆ, ರಕ್ಷಣೆ ಕೃಪೆಯಿಂದ, ನಂಬಿಕೆಯ ಮೂಲಕ, ಕ್ರಿಯೆಗಳಿಂದ ಅಲ್ಲ. ಮೊದ್ಲು ಅದು ಗಟ್ಟಿ ಇರ್ಬೇಕು. ಇಲ್ಲಾಂದ್ರೆ ಒಂದು ವಾರ ಸರಿ ನಡೆದ್ರೆ ಗರ್ವ, ತಪ್ಪಿದ್ರೆ ನಿರಾಶೆ.

ಕುಲಶೇಖರ
ಯಾಕೋಬ 2:17. ಕ್ರಿಯೆ ಇಲ್ಲದ ನಂಬಿಕೆ ಸತ್ತದ್ದು.

ಬಲ್ಮಠದವ
@ಕುಲಶೇಖರ ನಾನು ಕ್ರಿಯೆ ಬೇಡ ಅಂತ ಎಲ್ಲಿ ಹೇಳಿದ್ದು? ಎಫೆಸದ ಹತ್ತನೇ ವಚನ ಓದಿ, ಒಳ್ಳೆ ಕೆಲ್ಸ ಮಾಡ್ಲಿಕ್ಕೇ ನಮ್ಮನ್ನು ನಿರ್ಮಿಸಿದ್ದು ಅಂತ ಉಂಟು. ಯಾವುದು ಮೊದ್ಲು ಯಾವುದು ನಂತರ ಅಂತ ಮಾತ್ರ ನಾನು ಹೇಳಿದ್ದು. ಕ್ರಿಯೆಯ ವಿಷಯ ಬಂದ್ರೆ ನಮ್ಮ ಸಭೆಯ ಚರಿತ್ರೆಯೇ ಅದು. ಸ್ವಿಟ್ಜರ್ಲೆಂಡಿನ ಪ್ರೊಟೆಸ್ಟೆಂಟ್ ಸಂಸ್ಥೆ ಬಾಸೆಲ್ ಮಿಶನಿನವರು 1834ರಲ್ಲಿ ಇಲ್ಲಿ ಮಂಗಳೂರಲ್ಲಿ ಬಂದಿಳಿದ್ರು. ಸಭೆಗೆ ಸೇರಿದವರನ್ನು ಮನೆಯವರು ಹೊರಗೆ ಹಾಕ್ತಿದ್ರು, ಜಾತಿಯ ಕಸುಬೂ ಹೋಯ್ತು, ಉಳುವ ಜಾಗವೂ ಹೋಯ್ತು. ಅಂಥವರಿಗೆ ಬರೀ ಪ್ರಸಂಗ ಮಾಡಿದ್ರೆ ಹೊಟ್ಟೆ ತುಂಬ್ತದಾ? ಅದಕ್ಕೇ 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ. ಊರಿನ ಮಾಡುಗಳಿಗೆಲ್ಲ ಹೋದ ಮಂಗಳೂರು ಹಂಚಿನ ಮೂಲ ಅದು.

ಹಳೇಪ್ರೆಸ್
ಸಣ್ಣ ತಿದ್ದುಪಡಿ. ಹಂಚು ಮೊದ್ಲು ಅಲ್ಲ. ಮಿಶನಿನ ಪ್ರೆಸ್ಸು 1841ರದ್ದು, ನೇಯ್ಗೆಯೂ ಹಂಚಿಗಿಂತ ಮೊದ್ಲೇ ಇತ್ತು. ನಮ್ಮ ಕುಟುಂಬದವರು ಪ್ರೆಸ್ಸಲ್ಲಿ ಅಚ್ಚುಮೊಳೆ ಜೋಡಿಸಿದವರು, ಅದಕ್ಕೆ ಹೇಳ್ತಾ ಇದ್ದೇನೆ. ಅಜ್ಜ ಒಂದು ಕಾಗುಣಿತ ತಪ್ಪಿದ್ರೂ ಪುಟ ಪೂರ್ತಿ ಬಿಚ್ಚಿ ಪುನಃ ಕಟ್ತಿದ್ರಂತೆ, ಯಾರೂ ನೋಡದಿದ್ರೂ. ಕೊಲೊಸ್ಸೆ 3:23 ಅವರಿಗೆ ಬಾಯಿಪಾಠ, ಮನುಷ್ಯರಿಗೋಸ್ಕರ ಅಲ್ಲ, ಕರ್ತನಿಗೋಸ್ಕರ ಮಾಡುದು ಅಂತ.

ಬಲ್ಮಠದವ
@ಹಳೇಪ್ರೆಸ್ ಸರಿ, ಪ್ರೆಸ್ಸು ಮೊದ್ಲು.

ಕಿನ್ನಿಗೋಳಿ_ತೋಟ
ನೀವೆಲ್ಲ ಸಂಬಳ, ಕೆಲ್ಸ ಅಂತ ಹೇಳ್ತೀರಿ, ನಮ್ಮ ಊರಲ್ಲಿ ನಂಬಿಕೆಯ ನಿಜವಾದ ಪರೀಕ್ಷೆ ಜಾಗದ ವಿಷಯದಲ್ಲಿ. ಯಾವ ಇಗರ್ಜಿಗೆ ಬೇಕಾದ್ರೂ ಹೋಗಿ, ಕೋರ್ಟಲ್ಲಿ ಪಾರ್ಟಿಶನ್ ಕೇಸ್ ಇರುವ ಅಣ್ಣತಮ್ಮಂದಿರು ಒಬ್ಬ ಬಲಬದಿಯ ಬೆಂಚಲ್ಲಿ ಇನ್ನೊಬ್ಬ ಎಡಬದಿಯ ಬೆಂಚಲ್ಲಿ ಕೂತಿರ್ತಾರೆ, ಇಬ್ಬರೂ ಕುಮ್ಗಾರ್ (ಪರಮಪ್ರಸಾದ) ತಗೊಳ್ತಾರೆ, ಹೊರಗೆ ಬಂದು ಮುಖ ತಿರುಗಿಸಿ ಸ್ಕೂಟರ್ ಸ್ಟಾರ್ಟ್ ಮಾಡ್ತಾರೆ. ಮತ್ತಾಯ 5:23-24ರಲ್ಲಿ ಯೇಸು ಎಂತ ಹೇಳಿದ್ದು? ಕಾಣಿಕೆಯನ್ನು ಬಲಿಪೀಠದ ಎದುರೇ ಬಿಟ್ಟು ಹೋಗು, ಮೊದ್ಲು ಸಹೋದರನ ಹತ್ರ ರಾಜಿ ಮಾಡ್ಕೊ, ಆಮೇಲೆ ಬಂದು ಅರ್ಪಿಸು. ಇದನ್ನು ಅಕ್ಷರಶಃ ಮಾಡಿದ್ರೆ ಆದಿತ್ಯವಾರ ಅರ್ಧ ಇಗರ್ಜಿ ಖಾಲಿ ಆಗ್ತದೆ.

ನಮ್ಮ ಅಪ್ಪ ಮತ್ತು ದೊಡ್ಡಪ್ಪನಿಗೆ ಬಾವಿಕಟ್ಟೆಯ ಬದಿಯ ದಾರಿ ವಿಷಯದಲ್ಲಿ ಕೇಸ್ ಇತ್ತು, ಎರಡು ಮನೆಗೂ ಮಾತಿಲ್ಲ, ಮದುವೆ ಮರಣಕ್ಕೂ ಹೋಗುದಿಲ್ಲ. ನಮ್ಮ ಅಮ್ಮ ಹೆಚ್ಚು ಓದಿದವರಲ್ಲ. ಅವರು ಒಂದು ಮೊಂತಿ ಫೆಸ್ತಿಗೆ, ಸೆಪ್ಟೆಂಬರ್ 8ರ ಮರಿಯಮ್ಮನ ಹಬ್ಬಕ್ಕೆ, ಇಗರ್ಜಿಯಲ್ಲಿ ಆಶೀರ್ವಾದ ಮಾಡಿ ಕೊಟ್ಟ ತೆನೆ ತಂದು ನೊವೆಂ ಊಟ ಮಾಡಿ, "ಕುಟುಂಬ ಒಟ್ಟಿಗೆ ಹೊಸ ಅಕ್ಕಿ ಉಣ್ಣುದು ಅಂದ್ರೆ ಅವರೂ ಕುಟುಂಬವೇ" ಅಂತ ಹೇಳಿ ಒಂದು ಪಾತ್ರೆಯಲ್ಲಿ ಹಾಕಿ ನನ್ನ ತಮ್ಮನ ಕೈಯಲ್ಲಿ ದೊಡ್ಡಪ್ಪನ ಮನೆಗೆ ಕಳಿಸಿದ್ರು. ಅಪ್ಪನಿಗೆ ಸಿಟ್ಟು ಬಂತು. ಪಾತ್ರೆ ಹಾಗೇ ವಾಪಸ್ ಬಂತು. ಮರುವರ್ಷ ಪುನಃ ಕಳಿಸಿದ್ರು, ಪುನಃ ವಾಪಸ್. ಅದರ ನಂತರದ ವರ್ಷ ಪಾತ್ರೆ ಖಾಲಿಯಾಗಿ ಬಂತು, ತೊಳೆದು, ಒಳಗೆ ನಾಲ್ಕು ಹಣ್ಣಡಿಕೆ ಹಾಕಿ. ಕೇಸ್ ಅದರ ಪಾಡಿಗೆ ನಡೀತು, ಕೋರ್ಟ್ ತೀರ್ಪೂ ಬಂತು, ದಾರಿ ಅವರಿಗೇ ಹೋಯ್ತು. ಆದ್ರೆ ಅಷ್ಟರಲ್ಲಿ ಎರಡು ಮನೆಗೂ ಮಾತಿತ್ತು, ಅಪ್ಪ ಆಸ್ಪತ್ರೆಯಲ್ಲಿದ್ದಾಗ ರಾತ್ರಿ ಕೂತದ್ದು ದೊಡ್ಡಪ್ಪನ ಮಗ. ಬೇಕಂತಲೇ ಮಾಡುದು ಅಂದ್ರೆ ಎಂತ ಅಂತ ಕೇಳಿದ್ರಲ್ಲ, ನನ್ನ ಮಟ್ಟಿಗೆ ಅಮ್ಮ ಮಾಡಿದ್ದು ಅದು.

ಕುಲಶೇಖರ
ಓದಿ ಕಣ್ಣು ತುಂಬಿ ಬಂತು. ನಿಮ್ಮ ಅಮ್ಮನಿಗೆ ದೇವ್ ಬರೆಂ ಕರುಂ, ದೇವರು ಒಳ್ಳೇದು ಮಾಡ್ಲಿ.

ವಕೀಲೆ_ಉಡುಪಿ
ಕಿನ್ನಿಗೋಳಿಯವರ ಅಮ್ಮನಿಗೆ ನನ್ನದೂ ವಂದನೆ. ಆದ್ರೆ ಆ ಮತ್ತಾಯದ ವಚನವನ್ನು ಕೋರ್ಟಿಗೆ ಹೋದವರ ಮೇಲೆ ಎತ್ತಿ ಹಾಕುದು ನಂಗೆ ಒಪ್ಪಿಗೆ ಇಲ್ಲ. ನನ್ನ ಹತ್ರ ಬರುವವರಲ್ಲಿ ಹೆಚ್ಚಿನವರು ಹೆಣ್ಮಕ್ಕಳು. ಅಪ್ಪ ಉಯಿಲು ಬರೆಯದೆ ಹೋಗಿರ್ತಾರೆ, ಅಣ್ಣಂದಿರು "ನಿನ್ನ ಮದುವೆಗೆ ಕೊಟ್ಟಾಯ್ತಲ್ಲ" ಅಂತ ಹೇಳಿ ಸಹಿ ಹಾಕಿಸ್ಕೊಳ್ಳಿಕ್ಕೆ ಬರ್ತಾರೆ, ತಂಗಿ ಒಪ್ಪದಿದ್ರೆ "ನೀನೆಂತ ಕ್ರಿಸ್ತಾಂವ್, ಕುಟುಂಬದ ಶಾಂತಿ ಹಾಳು ಮಾಡ್ತಿ" ಅಂತ ಬೈತಾರೆ. ಕಾನೂನು ಸ್ಪಷ್ಟ ಉಂಟು, ನಮಗೆ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ ಅನ್ವಯ ಆಗ್ತದೆ. ಉಯಿಲು ಇಲ್ಲದೆ ತೀರಿಕೊಂಡವರ ಆಸ್ತಿಯಲ್ಲಿ ಹೆಂಡತಿಗೆ ಮೂರನೇ ಒಂದು ಪಾಲು, ಉಳಿದದ್ದು ಮಕ್ಕಳಿಗೆ, ಅದರಲ್ಲಿ ಮಗ ಮಗಳು ಸಮ ಸಮ. ಮದುವೆ ಆಗಿದೆ ಅಂತ ಪಾಲು ಹೋಗುದಿಲ್ಲ.

ಆ ವಚನ ಸರಿಯಾಗಿ ಓದಿ. "ನಿನ್ನ ಸಹೋದರನಿಗೆ ನಿನ್ನ ವಿರುದ್ಧ ಏನಾದ್ರೂ ಇದ್ರೆ" ಅಂತ ಇರುದು. ಅಂದ್ರೆ ಎದ್ದು ಹೋಗ್ಬೇಕಾದವ ಪಾಲು ಹಿಡಿದು ಕೂತವ, ಪಾಲು ಕೇಳಿದವಳಲ್ಲ. ಜಕ್ಕಾಯ ಎಂತ ಮಾಡಿದ? ಯೇಸು ಮನೆಗೆ ಬಂದದ್ದೇ ತಡ, ಮೋಸದಿಂದ ತಗೊಂಡದ್ದಿದ್ರೆ ನಾಲ್ಕರಷ್ಟು ವಾಪಸ್ ಕೊಡ್ತೇನೆ ಅಂದ. ಬರೀ ತಬ್ಬಿಕೊಂಡು ರಾಜಿ ಅಂತ ಮುಗಿಸ್ಲಿಲ್ಲ.

ಕಿನ್ನಿಗೋಳಿ_ತೋಟ
@ವಕೀಲೆ_ಉಡುಪಿ ಇದು ಸರಿ ಹೇಳಿದ್ರಿ. ಈ ಬದಿಯಿಂದ ನಾನು ಯೋಚ್ನೆ ಮಾಡಿರ್ಲಿಲ್ಲ.

ಬಜ್ಪೆ_ದುಬೈ
ತಂಗಿಯರಿಗೆ ಪಾಲು ಕೊಟ್ರೆ ಮನೆ ತುಂಡಾಗುದಿಲ್ವಾ? ಅಪ್ಪ ಅಮ್ಮನನ್ನು ನೋಡಿಕೊಂಡವರು ಯಾರು? ಗಲ್ಫಿಂದ ದುಡ್ಡು ಕಳಿಸಿ ಮನೆ ಕಟ್ಟಿದವರು ಯಾರು? ಅದನ್ನೂ ನೋಡ್ಬೇಕು.

ವಕೀಲೆ_ಉಡುಪಿ
@ಬಜ್ಪೆ_ದುಬೈ ನೋಡಿ, ಖಂಡಿತ ನೋಡಿ. ನೋಡಿಕೊಂಡದ್ದಕ್ಕೆ, ಕಟ್ಟಿದ್ದಕ್ಕೆ ಎಷ್ಟು ಅಂತ ತಂಗಿಯನ್ನು ಕೂರಿಸಿ ಮಾತಾಡಿ. ಅವಳನ್ನು ಕೇಳದೆ ತೀರ್ಮಾನ ಮಾಡುದು ಬೇಡ ಅಂತ ಮಾತ್ರ ನಾನು ಹೇಳುದು.

ಬಂದರಿನಿಂದ
ಮಲ್ಪೆಯವ. ನಮ್ಮ ಕುಟುಂಬದ್ದು ಟ್ರಾಲ್ ಬೋಟು. ಜೂನ್ 1ರಿಂದ ಜುಲೈ 31ರವರೆಗೆ ಬೋಟು ಕಡಲಿಗೆ ಇಳಿಯುವ ಹಾಗಿಲ್ಲ, ಆ ಸಮಯಕ್ಕೆ ಕೆಲ್ಸದವರು ಊರಿಗೆ ಹೋಗ್ತಾರೆ, ಒಡಿಶಾ, ಜಾರ್ಖಂಡ್, ಕೆಲವರು ಕಾರವಾರ ಬದಿ. ಆಗಸ್ಟಲ್ಲಿ ವಾಪಸ್ ಬರ್ಲಿ ಅಂತ ಕೆಲವು ಕಡೆ ಅವರ ದುಡ್ಡಲ್ಲಿ ಸ್ವಲ್ಪ ಹಿಡಿದಿಟ್ಟುಕೊಳ್ಳುವ ಅಭ್ಯಾಸ ಉಂಟು. ನಾವು ಅದನ್ನು ಬಿಟ್ಟೆವು. ಮೇ ಕೊನೆಗೆ ಪೂರ್ತಿ ಲೆಕ್ಕ, ಜೊತೆಗೆ ರೈಲಿನ ಟಿಕೇಟು. "ಇವ ವಾಪಸ್ ಬಾರದಿದ್ರೆ ಸೀಸನ್ ಶುರುವಿಗೆ ಬೋಟು ದಕ್ಕೆಯಲ್ಲಿ ಕಟ್ಟಿ ಹಾಕ್ಬೇಕಾ" ಅಂತ ಪಕ್ಕದ ಬೋಟಿನವರು ಕೇಳ್ತಾರೆ. ಕೆಲವರು ಬರುದಿಲ್ಲ, ಅದೂ ನಿಜ. ಒಂದು ಸಲ ಬೋಟು ನಡೆಸುವ ತಾಂಡೇಲನೇ ಬೇರೆ ಬೋಟಿಗೆ ಹೋದ, ಆಗಸ್ಟ್ ಮೊದಲ ಟ್ರಿಪ್ ನಮಗೆ ಸಿಕ್ಲಿಲ್ಲ. ನಷ್ಟ ಆಯ್ತು. ಆದ್ರೂ ಆ ರೂಲ್ ಬದಲಾಯಿಸ್ಲಿಲ್ಲ, ಯಾಕಂದ್ರೆ ಲಾಭ ಆಗ್ತದೆ ಅಂತ ಮಾಡಿದ್ದಲ್ಲ. ತೂಕದ ವಿಷಯವೂ ಹಾಗೇ, ಜ್ಞಾನೋಕ್ತಿ 11:1, ಮೋಸದ ತಕ್ಕಡಿ ಕರ್ತನಿಗೆ ಅಸಹ್ಯ.

ಹಂಪನಕಟ್ಟೆ_ಲೆಕ್ಕ
@ಬಂದರಿನಿಂದ "ಲಾಭ ಆಗ್ತದೆ ಅಂತ ಮಾಡಿದ್ದಲ್ಲ", ಇದನ್ನು ಎಲ್ಲ ಓದ್ಲಿ. ಪ್ರಾಮಾಣಿಕವಾಗಿದ್ರೆ ಬಿಸಿನೆಸ್ ಬೆಳೀತದೆ, ದೇವರು ದುಪ್ಪಟ್ಟು ಕೊಡ್ತಾನೆ ಅಂತ ಬೋಧಿಸುವವರು ಈಗ ಜಾಸ್ತಿ ಆಗಿದ್ದಾರೆ, ನಷ್ಟ ಆದವನು ಆಮೇಲೆ ತನ್ನ ನಂಬಿಕೆಯಲ್ಲೇ ಕೊರತೆ ಅಂತ ಕೊರಗ್ತಾನೆ.

ರಾತ್ರಿಪಾಳಿ
ನಾನು ನರ್ಸ್. ಅಜ್ಜ ಅಜ್ಜಿಯರ ವಾರ್ಡು. ನನ್ನದು ಒಂದೇ ವಿಷಯ, ಮನೆಯವರು ಜೊತೆಗೆ ಇರುವ ರೋಗಿಗೂ ಯಾರೂ ಇಲ್ಲದ ರೋಗಿಗೂ ಒಂದೇ ಕೈ. ರಾತ್ರಿ ಮೂರು ಗಂಟೆಗೆ ಬಟ್ಟೆ ಒದ್ದೆ ಆದ್ರೆ ಬೆಳಿಗ್ಗೆ ಪಾಳಿಯವರು ನೋಡ್ತಾರೆ ಅಂತ ಬಿಡ್ಲಿಕ್ಕೆ ತುಂಬ ಸುಲಭ, ಯಾರಿಗೂ ಗೊತ್ತಾಗುದಿಲ್ಲ. ನಾನು ಮನಸ್ಸಲ್ಲೇ ಶಿಲುಬೆ ಗುರುತು ಹಾಕಿ ಎದ್ದು ಹೋಗ್ತೇನೆ.

ಹೊಸಜೀವ_ಸುರತ್ಕಲ್
ತುಂಬ ಒಳ್ಳೇದು ಸಿಸ್ಟರ್. ಆದ್ರೆ ಯಾರ ಹೆಸರಲ್ಲಿ ಮಾಡ್ತಿದ್ದೀರಿ ಅಂತ ಅವರಿಗೆ ಗೊತ್ತಾಗುದು ಬೇಡ್ವಾ? ಆಸ್ಪತ್ರೆ ಸಾಕ್ಷಿಗೆ ದೊಡ್ಡ ಅವಕಾಶ. ಬಾಯಿ ಬಿಟ್ಟು ಹೇಳದ ನಂಬಿಕೆ ಅರ್ಧ ನಂಬಿಕೆ.

ರಾತ್ರಿಪಾಳಿ
@ಹೊಸಜೀವ_ಸುರತ್ಕಲ್ ಹಾಸಿಗೆಯಲ್ಲಿ ಮಲಗಿದವರಿಗೆ ನನ್ನ ಮಾತು ಇಷ್ಟ ಆಗದಿದ್ರೆ ಎದ್ದು ಹೋಗ್ಲಿಕ್ಕೆ ಆಗುದಿಲ್ಲ. ಸಲೈನ್ ಚುಚ್ಚಿರ್ತದೆ, ನೀರು ಕೊಡುವವಳೂ ನಾನೇ. ಅಂಥವರ ಹತ್ರ ಧರ್ಮದ ಮಾತು ತೆಗೆಯುದು ನ್ಯಾಯ ಅಲ್ಲ, ಕಾನೂನು ಇರ್ಲಿ ಇಲ್ಲದಿರ್ಲಿ. ಅವರಾಗಿ "ನಂಗೋಸ್ಕರ ಪ್ರಾರ್ಥನೆ ಮಾಡಮ್ಮ" ಅಂದ್ರೆ ಮಾಡ್ತೇನೆ ಅಂತ ಹೇಳ್ತೇನೆ, ಮನೆಗೆ ಹೋಗಿ ಮಾಡ್ತೇನೆ. ಮುಸ್ಲಿಂ ಅಜ್ಜಿಗೆ ನಮಾಜಿನ ಹೊತ್ತಿಗೆ ಮಂಚ ತಿರುಗಿಸಿ ಕೊಡ್ತೇನೆ. ನಂಗೆ ಇದರಲ್ಲಿ ಅರ್ಧ ಅಂತ ಎಂತದೂ ಕಾಣುದಿಲ್ಲ.

ಕಂಕನಾಡಿ_ಹಳಬ
ಫಾದರ್ ಮುಲ್ಲರ್ ಅವರನ್ನು ನೆನಪು ಮಾಡ್ಕೊಳ್ಳಿ. ಜರ್ಮನಿಯ ಜೆಸ್ವಿಟ್ ಪಾದ್ರಿ, ಮಂಗಳೂರಿನ ಕಾಲೇಜಲ್ಲಿ ಪಾಠ ಮಾಡ್ಲಿಕ್ಕೆ ಬಂದವರು. ಕೈಯಲ್ಲಿ ಒಂದು ಹೋಮಿಯೋಪತಿ ಪೆಟ್ಟಿಗೆ ಇತ್ತು, ಬಂದವರಿಗೆ 1880ರಲ್ಲಿ ಗುಳಿಗೆ ಕೊಡ್ಲಿಕ್ಕೆ ಶುರು ಮಾಡಿದ್ರು, 1890ರಲ್ಲಿ ಯಾರೂ ಮುಟ್ಟದ ಕುಷ್ಠರೋಗಿಗಳಿಗೆ ಜಾಗ ಮಾಡಿದ್ರು. ಕೈಗೆ ಸಿಕ್ಕಿದ್ದರಿಂದ ಶುರು ಮಾಡಿದ ಮನುಷ್ಯ. ನರ್ಸಮ್ಮ ಮಾಡುದೂ ಅದೇ ಜಾತಿಯ ಕೆಲ್ಸ.

ಜೆಪ್ಪು_ಮೌನ
ಬೆಂದೂರ್ ಬಾಯಿ "ಹೇಗೆ ನಿಂತಿತು" ಅಂತ ಕೇಳಿದ್ದಾರೆ, ಅದಕ್ಕೆ ಯಾರೂ ಉತ್ತರ ಕೊಡ್ಲಿಲ್ಲ. ಶುರು ಮಾಡುದು ಎಲ್ಲರಿಗೂ ಆಗ್ತದೆ, ಈಸ್ಟರಿಗೆ ಮೊದ್ಲಿನ ತಪಸ್ಸು ಕಾಲದಲ್ಲಿ ಮಾಂಸ ಬಿಡ್ತೇವೆ, ಪಾಸ್ಕಾ (ಈಸ್ಟರ್) ಹಬ್ಬ ಆದ ಕೂಡ್ಲೆ ಹಳೇ ಕಥೆ. ನಂಗೆ ಸಹಾಯ ಆದದ್ದು ಜೆಸ್ವಿಟ್ ಸಭೆ ಕಟ್ಟಿದ ಸಂತ ಇಗ್ನೇಷಿಯಸ್ ಕಲಿಸಿದ ದಿನದ ಪರಿಶೀಲನೆ, ಎಕ್ಸಾಮೆನ್. ರಾತ್ರಿ ಮಲಗುವ ಮೊದ್ಲು ಹದಿನೈದು ನಿಮಿಷ ಸಾಕು. ಮೊದ್ಲು ಈ ದಿನಕ್ಕೆ ದೇವರಿಗೆ ಕೃತಜ್ಞತೆ, ಆಮೇಲೆ ಸರಿಯಾಗಿ ನೋಡುವ ಬೆಳಕು ಕೊಡು ಅಂತ ಬೇಡುದು, ಬೆಳಿಗ್ಗೆಯಿಂದ ಆದದ್ದನ್ನು ಒಂದೊಂದೇ ನೆನಪು ಮಾಡುದು, ತಪ್ಪಿದ್ದಕ್ಕೆ ಕ್ಷಮೆ, ನಾಳೆಗೆ ಒಂದು ತೀರ್ಮಾನ. ಆ "ಒಂದು" ಮುಖ್ಯ. ನಾಳೆ ಎಲ್ಲರನ್ನೂ ಪ್ರೀತಿಸ್ತೇನೆ ಅಂತ ಅಲ್ಲ, ನಾಳೆ ಹನ್ನೊಂದು ಗಂಟೆಯ ಮೀಟಿಂಗಲ್ಲಿ ಇಂಥವರ ಮಾತನ್ನು ಅರ್ಧಕ್ಕೆ ತುಂಡು ಮಾಡುದಿಲ್ಲ ಅಂತ. ಮರುದಿನ ರಾತ್ರಿ ಅದನ್ನೇ ಮೊದ್ಲು ನೋಡುದು. ಕ್ರಮವಾಗಿ ಕಲಿಯುವವರಿಗೆ ಜೆಪ್ಪುವಿನ ಫಾತಿಮಾ ರಿಟ್ರೀಟ್ ಹೌಸಲ್ಲಿ ಕೇಳಿದ್ರೆ ಹೇಳಿಕೊಡ್ತಾರೆ.

ಬಲ್ಮಠದವ
ಇದು ನಮ್ಮಂಥವರಿಗೂ ಆಗುವಂಥದ್ದು. ಕೃತಜ್ಞತೆ ಮೊದ್ಲು ಬಂದದ್ದು ನಂಗೆ ಹಿಡಿಸಿತು.

ಮೂಡುಬೆಳ್ಳೆ
ನಮ್ಮಲ್ಲಿ ತೇರ್ಸ್ ಆದ ಮೇಲೆ ದೊಡ್ಡವರ ಹತ್ರ ಬೆಸಾಂವ್ (ಆಶೀರ್ವಾದ) ಕೇಳುದು ಇನ್ನೂ ಉಂಟು. ಹಗಲಲ್ಲಿ ಎಷ್ಟು ಜಗಳ ಮಾಡಿದ್ರೂ ಮಕ್ಕಳು ರಾತ್ರಿ ಕೈ ಮುಗಿದು ಎದುರು ನಿಲ್ತಾರೆ, ನಾವು ಆಶೀರ್ವಾದ ಮಾಡ್ಲೇಬೇಕು. ಸಿಟ್ಟು ಇಟ್ಟುಕೊಂಡು ಆಶೀರ್ವಾದ ಮಾಡ್ಲಿಕ್ಕೆ ಆಗುದಿಲ್ಲ. ಇದನ್ನು ಬಿಡ್ಬೇಡಿ ಯಾರೂ.

ಕುಲಶೇಖರ
ಈಗ ತೇರ್ಸ್ ಟೈಮಿಗೆ ಎಲ್ಲರ ಕೈಯಲ್ಲೂ ಮೊಬೈಲ್. ನಮ್ಮ ವಾಡ್ಯದಲ್ಲಿ (ಇಗರ್ಜಿಯ ವಾರ್ಡಲ್ಲಿ) ಅದರ ಮುಖ್ಯಸ್ಥ ಗುರ್ಕಾರರು ಮನೆಮನೆಗೆ ಹೇಳಿ ಸಾಕಾಯ್ತು.

ರಥಬೀದಿ_ನೆರೆಯವ
ನಾನು ಕ್ರಿಶ್ಚಿಯನ್ ಅಲ್ಲ, ಮಧ್ಯೆ ಮಾತಾಡಿದ್ರೆ ತಪ್ಪು ತಿಳೀಬೇಡಿ. ನಮ್ಮ ಪಕ್ಕದ ಮನೆಯವರು ನಿಮ್ಮವರು. ಕ್ರಿಸ್ಮಸ್‌ಗೆ ಕುಸ್ವಾರ್ (ಹಬ್ಬದ ತಿಂಡಿ) ತಟ್ಟೆ ಬರ್ತದೆ, ಅಷ್ಟಮಿಗೆ ನಮ್ಮಿಂದ ಉಂಡೆ ಚಕ್ಕುಲಿ ಹೋಗ್ತದೆ, ಅದು ಎಲ್ಲ ಕಡೆ ಇರುವಂಥದ್ದು. ಇದು ಬೇರೆ. ನಮ್ಮ ತಾಯಿ ಮರೆವಿನ ರೋಗದಲ್ಲಿ ಬಾಯಿಗೆ ಬಂದ ಹಾಗೆ ಬೈತಿದ್ರು, ಪಕ್ಕದ ಮನೆಯವರನ್ನೂ ಬಿಡ್ಲಿಲ್ಲ. ಆದ್ರೂ ಆ ಮನೆಯ ಹೆಂಗಸು ದಿನಾ ಮಧ್ಯಾಹ್ನ ಬಂದು ಒಂದು ಗಂಟೆ ಅಮ್ಮನ ಹತ್ರ ಕೂರ್ತಿದ್ರು, ಆ ಹೊತ್ತಿಗೆ ನನ್ನ ಹೆಂಡತಿ ಸ್ವಲ್ಪ ಮಲಗ್ಲಿ ಅಂತ. ಒಂದು ದಿನವೂ ಧರ್ಮದ ಮಾತು ಎತ್ಲಿಲ್ಲ. ಒಮ್ಮೆ ನಾನೇ ಕೇಳಿದೆ, ನಿಮಗೆ ಬೇಸರ ಆಗುದಿಲ್ವಾ ಅಂತ. "ಆಗ್ತದೆ, ಆದ್ರೆ ನಾನು ದೇವರಿಗೆ ಮಾತು ಕೊಟ್ಟಿದ್ದೇನೆ" ಅಂದ್ರು. ಅಷ್ಟೇ.

ರಾತ್ರಿಪಾಳಿ
@ರಥಬೀದಿ_ನೆರೆಯವ ನೀವು ಬರೆದದ್ದಕ್ಕೆ ತುಂಬ ಸಂತೋಷ ಆಯ್ತು. ಮನೆಯಲ್ಲಿ ನೋಡಿಕೊಳ್ಳುವವರಿಗೆ ಆ ಒಂದು ಗಂಟೆ ಎಷ್ಟು ದೊಡ್ಡದು ಅಂತ ನಮಗೆ ಗೊತ್ತು.

ಬಜ್ಪೆ_ದುಬೈ
ಕುಸ್ವಾರ್ ಹೆಸರು ತೆಗೆದ್ರಿ, ಈಗ ನೆವ್ರಿ ಕಿಡ್ಯೊ ಮನೆಯಲ್ಲಿ ಮಾಡುವವರು ಯಾರಿದ್ದಾರೆ, ಎಲ್ಲ ಬೇಕರಿಯದ್ದು.

ಮೂಡುಬೆಳ್ಳೆ
ನಾವು ಮಾಡ್ತೇವೆ. ಡಿಸೆಂಬರಲ್ಲಿ ಬನ್ನಿ.

ಗುರುಪುರ_ಯುವಕ
ಯಾರೂ ಹೇಳದ ವಿಷಯ ನಾನು ಹೇಳ್ತೇನೆ. ಮದುವೆ ಮಾತುಕತೆ. ಹುಡುಗಿ ದಿನಾ ಪೂಜೆಗೆ ಹೋಗುವವಳು ಬೇಕು ಅಂತಾರೆ, ಎರಡನೇ ಪ್ರಶ್ನೆ "ಬಾಮಣರಾ, ಅಲ್ವಾ" ಅಂತ, ಅಂದ್ರೆ ಹಿಂದೆ ಬ್ರಾಹ್ಮಣರಾಗಿದ್ದ ಮನೆತನವಾ ಅಂತ ಜಾತಿ ಕೇಳುದು. ಗಲಾತ್ಯ 3:28 ನಾಲಿಗೆ ತುದಿಯಲ್ಲಿ ಇರ್ತದೆ, ಕ್ರಿಸ್ತನಲ್ಲಿ ನೀವೆಲ್ಲ ಒಂದೇ ಅಂತ. ಒಂದೇ ತಟ್ಟೆಯಿಂದ ಪರಮಪ್ರಸಾದ ತಗೊಳ್ಳುವವರು ಒಬ್ಬರ ಮನೆಗೆ ಇನ್ನೊಬ್ಬರು ಹೆಣ್ಣು ಕೊಡುದಿಲ್ಲ.

ಕುಲಶೇಖರ
ಇದು ಬೇರೆ ಚರ್ಚೆ. ಇಲ್ಲಿ ದಿನನಿತ್ಯದ ವಿಷಯ.

ಗುರುಪುರ_ಯುವಕ
@ಕುಲಶೇಖರ ಅದು ನಿಮಗೆ ದಿನನಿತ್ಯದ ವಿಷಯ ಅಲ್ಲದೆ ಇರ್ಬಹುದು, ನಮಗೆ ಹೌದು. ನಮ್ಮ ಅಕ್ಕನ ಸಂಬಂಧ ಇದೇ ಪ್ರಶ್ನೆಗೆ ನಿಂತು ಹೋಯ್ತು. ನಾನು ಮನೆಯಲ್ಲಿ ಹೇಳಿದ್ದೇನೆ, ನನ್ನ ಮದುವೆ ಮಾತು ಬಂದಾಗ ಆ ಪ್ರಶ್ನೆ ನಾವೂ ಕೇಳುದಿಲ್ಲ, ಕೇಳುವ ಮನೆಗೆ ಹೋಗುದೂ ಇಲ್ಲ. ದಲ್ಲಾಳಿಗೂ ಬರೆದು ಕೊಟ್ಟಿದ್ದೇವೆ.

ವಕೀಲೆ_ಉಡುಪಿ
@ಗುರುಪುರ_ಯುವಕ ನಿಮ್ಮ ಹಿಂದೆ ನಾನಿದ್ದೇನೆ. ಮದುವೆಗೆ ಮುಂಚಿನ ರೋಸ್ ಶಾಸ್ತ್ರದ ಹಾಲ್‌ಗೆ ಆಗುವ ಖರ್ಚಿನ ಬಗ್ಗೆ ಗಂಟೆಗಟ್ಟಲೆ ಮಾತಾಡ್ತೇವೆ, ಈ ಪ್ರಶ್ನೆ ಬಂದ್ರೆ ಎಲ್ಲರಿಗೂ ವಿಷಯ ಬದಲಾಯಿಸುವ ಆತುರ.

ಬೆಂದೂರ್_ಬಾಯಿ
ಎಲ್ಲರದ್ದೂ ಓದಿದೆ, ಕೆಲವು ಎರಡು ಸಲ. ಈಗ ನನ್ನ ನಿಜವಾದ ವಿಷಯ ಹೇಳ್ತೇನೆ. ನಾನು ಒಂದು ಅಂಗಡಿಯಲ್ಲಿ ಬಿಲ್ಲಿಂಗ್ ನೋಡುದು. ಯಜಮಾನರು ಒಳ್ಳೆಯವರು, ನಮ್ಮ ಕಷ್ಟಕ್ಕೆ ಆಗ್ತಾರೆ. ಆದ್ರೆ ಕ್ಯಾಶ್ ಕೊಡುವವರಿಗೆ ಬಿಲ್ ಬೇಡ, ಚೀಟಿಯಲ್ಲಿ ಬರೆದು ಕೊಡಿ ಅಂತಾರೆ. ಬಿಟ್ಟು ಬಿಡುವಷ್ಟು ಸ್ಥಿತಿ ನಮ್ಮ ಮನೆಯಲ್ಲಿಲ್ಲ. ಹೇಳಿದ್ರೆ ಕೆಲ್ಸ ಹೋಗ್ತದಾ ಅಂತ ಭಯ.

ಹೊಸಜೀವ_ಸುರತ್ಕಲ್
ಬಿಟ್ಟು ಬಿಡಿ, ದೇವರು ಬೇರೆ ಬಾಗಿಲು ತೆರೀತಾನೆ.

ಬಂದರಿನಿಂದ
@ಹೊಸಜೀವ_ಸುರತ್ಕಲ್ ಮುಂದಿನ ತಿಂಗಳ ಅಕ್ಕಿಗೆ ಎಂತ ಮಾಡುದು ಅಂತಲೂ ಅವರಿಗೆ ಹೇಳಿ. ಇನ್ನೊಬ್ಬರ ಮನೆಯ ಧೈರ್ಯ ನಾವು ಖರ್ಚು ಮಾಡ್ಬಾರ್ದು.

ಹಂಪನಕಟ್ಟೆ_ಲೆಕ್ಕ
ಬಾಯಿ, ಮೊದ್ಲು ಒಂದು ನಿಯಮ ತಿಳ್ಕೊಳ್ಳಿ. ಜಿಎಸ್‌ಟಿಯಲ್ಲಿ 200 ರೂಪಾಯಿಗಿಂತ ಕಡಿಮೆಯ ಮಾರಾಟಕ್ಕೆ ಸಾಮಾನ್ಯ ಗಿರಾಕಿ ಕೇಳದಿದ್ರೆ ಪ್ರತ್ಯೇಕ ಬಿಲ್ ಬೇಕಂತಿಲ್ಲ, ದಿನದ ಕೊನೆಗೆ ಒಟ್ಟಿಗೆ ಒಂದು ಬಿಲ್ ಮಾಡಿದ್ರೆ ಆಯ್ತು. ಹಾಗಾಗಿ ಸಣ್ಣ ಚೀಟಿ ಎಲ್ಲ ತಪ್ಪಲ್ಲ, ದಿನದ ಬಿಲ್ಲಲ್ಲಿ ಬಂದಿರ್ಬೇಕು ಅಷ್ಟೆ. ಅದಕ್ಕಿಂತ ದೊಡ್ಡದಕ್ಕೆ ಬಿಲ್ ಇಲ್ಲ ಅಂದ್ರೆ ಅದು ತೆರಿಗೆ ತಪ್ಪಿಸುದು. ಯಜಮಾನರ ಹತ್ರ ಒಂಟಿಯಾಗಿ, ಗಿರಾಕಿ ಇಲ್ಲದ ಹೊತ್ತು ನೋಡಿ ಹೇಳಿ: "ಚೀಟಿಯ ಕೈಬರಹ ನನ್ನದು, ನಾಳೆ ಇನ್‌ಸ್ಪೆಕ್ಟರ್ ಬಂದ್ರೆ ನಂಗೆ ಸುಳ್ಳು ಹೇಳ್ಲಿಕ್ಕೆ ಬರುದಿಲ್ಲ, ನಾನು ಬಿಲ್ ಹಾಕಿಯೇ ಕೊಡ್ತೇನೆ." ದೂರು ಕೊಡ್ತೇನೆ ಅಂತ ಬೇಡ, ಉಪದೇಶವೂ ಬೇಡ. ಒಪ್ಪದಿದ್ರೆ ಸ್ಟಾಕ್ ಅಥವಾ ಖರೀದಿ ಬದಿಯ ಕೆಲ್ಸ ಕೊಡಿ ಅಂತ ಕೇಳಿ. ಅದೇ ಹೊತ್ತಿಗೆ ಬೇರೆ ಕಡೆ ಹುಡುಕಿ, ಬಿಲ್ಲಿಂಗ್ ಗೊತ್ತಿದ್ದವರಿಗೆ ಕೇಳಿಕೊಂಡು ಬರುವವರಿದ್ದಾರೆ. ನಿಮ್ಮ ಅನುಭವ ಎಷ್ಟು, ಲೆಕ್ಕದ ಸಾಫ್ಟ್‌ವೇರ್ ಟ್ಯಾಲಿ ಗೊತ್ತುಂಟಾ ಅಂತ ನಂಗೆ ಖಾಸಗಿ ಮೆಸೇಜ್ ಹಾಕಿ.

ಜೆಪ್ಪು_ಮೌನ
ಎಂಥ ದಿನ ಹೇಳ್ತೀರಿ ಅಂತ ಇಲ್ಲಿ ಬರೀರಿ, ನಾವು ಅವತ್ತು ನಿಮ್ಮ ಹೆಸರಲ್ಲಿ ಪ್ರಾರ್ಥನೆ ಮಾಡ್ತೇವೆ.

ಬೆಂದೂರ್_ಬಾಯಿ
ಗುರುವಾರ. ಆ ದಿನ ಗಿರಾಕಿ ಕಡಿಮೆ.

ಬಜ್ಪೆ_ದುಬೈ
@ವಕೀಲೆ_ಉಡುಪಿ ಒಂದು ಕೇಳ್ಬೇಕಿತ್ತು. ನಮ್ಮಲ್ಲಿ ಅಪ್ಪ ಹೋದ ಮೇಲೆ ಪಾಲು ಆಗ್ಲಿಲ್ಲ, ಉಯಿಲು ಇಲ್ಲ. ತಂಗಿ ಬೇಡ ಅಂತ ಬಾಯಲ್ಲಿ ಹೇಳಿದ್ದಾಳೆ. ಅದು ಸಾಕಾ?

ವಕೀಲೆ_ಉಡುಪಿ
ಸಾಕಾಗುದಿಲ್ಲ. ಅವಳು ಮನಸ್ಸಿಂದ ಬಿಡುದಾದ್ರೆ ಹಕ್ಕು ಬಿಡುಗಡೆ ಪತ್ರ ಬರೆದು ಸಬ್‌ರಿಜಿಸ್ಟ್ರಾರ್ ಆಫೀಸಲ್ಲಿ ನೋಂದಣಿ ಆಗ್ಬೇಕು. ಆದ್ರೆ ಅದಕ್ಕೆ ಮೊದ್ಲು ಅವಳ ಪಾಲು ಎಷ್ಟು, ಇವತ್ತಿನ ಬೆಲೆ ಎಷ್ಟು ಅಂತ ಕಾಗದದಲ್ಲಿ ಬರೆದು ಅವಳ ಕೈಗೆ ಕೊಡಿ, ಯೋಚ್ನೆ ಮಾಡ್ಲಿಕ್ಕೆ ಸಮಯ ಕೊಡಿ, ಅವಳಿಗೆ ಬೇಕಾದ ವಕೀಲರನ್ನು ಅವಳೇ ಕೇಳ್ಲಿ. ಅಮ್ಮ ಇದ್ದಾರಾ? ಇದ್ರೆ ಅವರ ಮೂರನೇ ಒಂದು ಪಾಲು ಮೊದ್ಲು.

ಬಜ್ಪೆ_ದುಬೈ
ಅಮ್ಮ ಇದ್ದಾರೆ. ಡಿಸೆಂಬರಲ್ಲಿ ರಜೆಗೆ ಬರ್ತೇನೆ, ತಂಗಿಯನ್ನೂ ಕರ್ಕೊಂಡು ಬರ್ತೇನೆ. ಯಾವ ಕಾಗದ ತರ್ಬೇಕು?

ವಕೀಲೆ_ಉಡುಪಿ
ಅಪ್ಪನ ಮರಣ ಪ್ರಮಾಣಪತ್ರ, ವಂಶವೃಕ್ಷ, ಆರ್‌ಟಿಸಿ, ಮೂಲ ಕ್ರಯಪತ್ರ. ತಂಗಿ ಅವಳ ವಕೀಲರ ಜೊತೆ ಬಂದ್ರೆ ಇನ್ನೂ ಒಳ್ಳೇದು.